ಚಕ್ಕುಲಿ, ಚಟ್ನಿಪುಡಿ, ಹೋಳಿಗೆ: ಮೂರಕ್ಕೂ ಒಂದೇ ಪ್ಯಾಕಿಂಗ್ ಸಾಕೇ?

ಪ್ರಶ್ನೆ: ನಾನು ಸಾಗರದ ಹತ್ತಿರದ ಹಳ್ಳಿಯವಳು. ಮನೆಯಲ್ಲೇ ಚಕ್ಕುಲಿ, ಶೇಂಗಾ ಚಟ್ನಿಪುಡಿ, ಕಾಯಿ ಹೋಳಿಗೆ ಮಾಡಿ ಬೆಂಗಳೂರು, ಪುಣೆಗೆ ಕೊರಿಯರ್ ಮಾಡುತ್ತೇನೆ. ಮಳೆಗಾಲದಲ್ಲಿ ಚಕ್ಕುಲಿ ವಾರಕ್ಕೇ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಮೂರು ವಾರಕ್ಕೆ ಕಮಟು ವಾಸನೆ ಬರುತ್ತದೆ. ಚಟ್ನಿಪುಡಿಯ ಕೆಂಪು ಬಣ್ಣ ಮಾಸುತ್ತದೆ. ಹೋಳಿಗೆಗೆ ಮೂರನೇ ದಿನ ಬೂಷ್ಟು ಹಿಡಿಯುತ್ತದೆ. ಈಗ ಸಾದಾ ಪ್ಲಾಸ್ಟಿಕ್ ಕವರ್‌ಗೆ ಹಾಕಿ ಮೇಣದಬತ್ತಿಯಿಂದ ಬಾಯಿ ಅಂಟಿಸುತ್ತಿದ್ದೇನೆ. ವ್ಯಾಕ್ಯೂಮ್ ಮಷಿನ್ ತಗೊಂಡರೆ ಮೂರೂ ಸರಿಹೋಗುತ್ತವೆಯೇ? ನೈಟ್ರೋಜನ್ ತುಂಬಿಸಬೇಕು ಅಂತಾನೂ ಕೆಲವರು ಹೇಳುತ್ತಾರೆ. ಪ್ಯಾಕೆಟ್ ಮೇಲೆ ಎಷ್ಟು ದಿನ ಅಂತ ಬರೆಯಲಿ?

ಉತ್ತರ: ವ್ಯಾಕ್ಯೂಮ್ ಮಷಿನ್ ಸದ್ಯಕ್ಕೆ ಕೊಳ್ಳಬೇಡಿ. ಚಕ್ಕುಲಿಗೆ ಅದು ಹೊಂದುವುದಿಲ್ಲ. ಚಟ್ನಿಪುಡಿಗೆ ಅಷ್ಟೇನೂ ಬೇಕಿಲ್ಲ. ಹೋಳಿಗೆಗಂತೂ ಅಪಾಯ. ಉತ್ತರ ಸ್ವಲ್ಪ ಉದ್ದವಾಗುತ್ತದೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೂ ಹೋಳಿಗೆಯ ಭಾಗವನ್ನು ಮಾತ್ರ ದಯವಿಟ್ಟು ಬಿಡಬೇಡಿ.

ತಿನಿಸನ್ನು ಕೆಡಿಸುವವು ಮುಖ್ಯವಾಗಿ ನಾಲ್ಕು. ತೇವ, ಗಾಳಿಯಲ್ಲಿರುವ ಆಮ್ಲಜನಕ, ಬೆಳಕು, ಆಮೇಲೆ ಬೂಷ್ಟು ಮತ್ತು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು. ಬಿಸಿ ಹೆಚ್ಚಾದಷ್ಟೂ ಈ ನಾಲ್ಕರ ಕೆಲಸವೂ ಚುರುಕಾಗುತ್ತದೆ. ಪ್ಯಾಕೆಟ್ ಇವುಗಳಲ್ಲಿ ಕೆಲವನ್ನು ಒಳಗೆ ಬರದಂತೆ ತಡೆಯಬಲ್ಲದು, ಅಷ್ಟೇ. ಈಗಾಗಲೇ ಒಳಗೆ ಸೇರಿಕೊಂಡಿರುವುದನ್ನು ಅದು ಏನೂ ಮಾಡಲಾರದು. ಆದ್ದರಿಂದ ಮೊದಲು ನೋಡಬೇಕಾದದ್ದು ನಿಮ್ಮ ತಿನಿಸು ಯಾವುದರಿಂದ ಕೆಡುತ್ತಿದೆ ಎಂಬುದನ್ನು. ನಿಮ್ಮ ಪತ್ರದಲ್ಲೇ ಅದಕ್ಕೆ ಉತ್ತರ ಇದೆ. ಮೆತ್ತಗಾಗುವುದು ತೇವದಿಂದ. ಕಮಟು ವಾಸನೆ ಆಮ್ಲಜನಕದಿಂದ. ಬಣ್ಣ ಮಾಸುವುದು ಹೆಚ್ಚಾಗಿ ಬೆಳಕಿನಿಂದ. ಬೂಷ್ಟು ಹೇಗೂ ಜೀವಿಯೇ. ಕಾರಣ ಬೇರೆ ಬೇರೆ ಇರುವಾಗ ಮದ್ದು ಒಂದೇ ಆಗುವುದು ಹೇಗೆ, ಅಲ್ವಾ?

ಚಕ್ಕುಲಿಯಿಂದ ಶುರು ಮಾಡೋಣ. ಚೆನ್ನಾಗಿ ಕರಿದ ಚಕ್ಕುಲಿಯಲ್ಲಿ ನೀರಿನಂಶ ಶೇ 2ರಿಂದ 3 ಇರುತ್ತದೆ. ಅಷ್ಟು ಕಡಿಮೆ ನೀರಿನಲ್ಲಿ ಯಾವ ಸೂಕ್ಷ್ಮಜೀವಿಯೂ ಬೆಳೆಯುವುದಿಲ್ಲ. ಹಾಗಾಗಿ ಚಕ್ಕುಲಿ ಹಳಸುವುದಿಲ್ಲ, ಬೂಷ್ಟೂ ಹಿಡಿಯುವುದಿಲ್ಲ. ಆದರೆ ಅಷ್ಟು ಒಣಗಿದ ವಸ್ತು ಸುತ್ತಲಿನ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಒಂದೆರಡು ಪರ್ಸೆಂಟ್ ಜಾಸ್ತಿ ಆದರೂ ಸಾಕು, ಗರಿಗರಿ ಹೋಗಲು ಶುರು. ಮಲೆನಾಡಿನ ಮಳೆಗಾಲದ ಗಾಳಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ಕಾಲು ಕಿಲೋ ಚಕ್ಕುಲಿಯ ತೆಳು ಕವರ್ ಒಳಗೆ ದಿನಕ್ಕೆ ಅರ್ಧ ಗ್ರಾಂ ತೇವ ಬಂತು ಅಂತಿಟ್ಟುಕೊಳ್ಳಿ. ವಾರಕ್ಕೆ ಮೂರೂವರೆ ಗ್ರಾಂ ಆಯಿತು. ಅಂದರೆ ಶೇ 1.4. ಇಷ್ಟರಲ್ಲೇ ಚಕ್ಕುಲಿಯ ಹದ ತಪ್ಪಿರುತ್ತದೆ. ತೇವ ಪ್ಲಾಸ್ಟಿಕ್ ಮೂಲಕ ಬರುವುದು ಒಂದು ಕಡೆ. ಮೇಣದಬತ್ತಿಯಿಂದ ಅಂಟಿಸಿದ ಬಾಯಿಯಿಂದ ಬರುವುದು ಇನ್ನೊಂದು ಕಡೆ. ನಿಮ್ಮ ವಿಷಯದಲ್ಲಿ ಈ ಎರಡನೆಯದೇ ಜಾಸ್ತಿ ಇರಬಹುದು ಅಂತ ನನ್ನ ಅನಿಸಿಕೆ. ಮೇಣದಬತ್ತಿಯ ಉರಿ ಎಲ್ಲ ಕಡೆ ಸಮನಾಗಿ ತಾಗುವುದಿಲ್ಲ. ಒಂದು ಕಡೆ ಪ್ಲಾಸ್ಟಿಕ್ ಕರಗಿ ತೆಳುವಾಗುತ್ತದೆ, ಇನ್ನೊಂದು ಕಡೆ ಅಂಟಿಕೊಂಡಂತೆ ಕಂಡರೂ ಅಂಟಿರುವುದಿಲ್ಲ.

ಇನ್ನು ಕಮಟು ವಾಸನೆ. ಕರಿದ ತಿನಿಸಿನ ತೂಕದಲ್ಲಿ ಕಾಲುಭಾಗಕ್ಕೂ ಮೀರಿ ಎಣ್ಣೆ ಇರಬಹುದು. ಆ ಎಣ್ಣೆಗೆ ಆಮ್ಲಜನಕ ಸೇರಿ ನಿಧಾನವಾಗಿ ಕೆಡುತ್ತದೆ. ಈ ಕ್ರಿಯೆ ಮೊದಮೊದಲು ಗೊತ್ತೇ ಆಗುವುದಿಲ್ಲ. ಎರಡು ವಾರ ಎಲ್ಲ ಚೆನ್ನಾಗಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ವಾಸನೆ ಏರುತ್ತದೆ. ಒಮ್ಮೆ ಶುರುವಾದ ಮೇಲೆ ಅದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಬಗೆಯ ಕ್ರಿಯೆ. ಬೆಳಕು ಬಿದ್ದರೆ ವೇಗ ಜಾಸ್ತಿ. ಕಬ್ಬಿಣ, ತಾಮ್ರದ ಅಂಶ ಎಣ್ಣೆಗೆ ಸೇರಿದರೆ ಇನ್ನೂ ಜಾಸ್ತಿ. ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಈ ಕೆಲಸ ಅರ್ಧ ದಾರಿ ಮುಗಿದೇ ಇರುತ್ತದೆ. ಅಂಥ ಎಣ್ಣೆಯಲ್ಲಿ ಕರಿದ ಚಕ್ಕುಲಿಯನ್ನು ಎಂಥ ದುಬಾರಿ ಪೌಚ್‌ಗೆ ಹಾಕಿದರೂ ಉಳಿಯುವುದಿಲ್ಲ. ಸೂರ್ಯಕಾಂತಿ ಎಣ್ಣೆಗಿಂತ ಶೇಂಗಾ ಎಣ್ಣೆ, ತಾಳೆ ಎಣ್ಣೆ, ಕೊಬ್ಬರಿ ಎಣ್ಣೆ ಈ ವಿಷಯದಲ್ಲಿ ಹೆಚ್ಚು ತಾಳಿಕೊಳ್ಳುತ್ತವೆ. ನೀವು ಯಾವ ಎಣ್ಣೆ ಬಳಸುತ್ತೀರಿ, ಎಷ್ಟು ಸಲ ಕಾಯಿಸುತ್ತೀರಿ ಅಂತ ಬರೆದಿಲ್ಲ. ಪ್ಯಾಕಿಂಗ್‌ಗೆ ಖರ್ಚು ಮಾಡುವ ಮುಂಚೆ ಅದನ್ನು ಸರಿಮಾಡಿಕೊಳ್ಳಿ.

ಈಗ ಕವರ್ ವಿಷಯ. ಅಂಗಡಿಯಲ್ಲಿ ಸಿಗುವ ಸಾದಾ ಕವರ್ ಪಾಲಿಥಿನ್‌ನದು. ಇದು ತೇವವನ್ನು ತಕ್ಕಮಟ್ಟಿಗೆ ತಡೆಯುತ್ತದೆ, ಆದರೆ ಆಮ್ಲಜನಕವನ್ನು ತಡೆಯುವುದೇ ಇಲ್ಲ ಅನ್ನಬಹುದು. ಒಂದು ಚದರ ಮೀಟರ್ ತೆಳು ಪಾಲಿಥಿನ್ ಹಾಳೆಯ ಮೂಲಕ ದಿನಕ್ಕೆ ಸಾವಿರಾರು ಮಿಲಿ ಲೀಟರ್ ಆಮ್ಲಜನಕ ದಾಟಿಹೋಗುತ್ತದೆ. ನೀರಿನ ಬಾಟಲಿಗೆ ಬಳಸುವ ಪಿಇಟಿ ಎಂಬ ಪ್ಲಾಸ್ಟಿಕ್ ಇದೆಯಲ್ಲ, ಅದರ 12 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್) ದಪ್ಪದ ಹಾಳೆಯಲ್ಲಿ ಇದು ನೂರರ ಆಸುಪಾಸಿಗೆ ಇಳಿಯುತ್ತದೆ. ಅದೇ ಪಿಇಟಿ ಮೇಲೆ ಅಲ್ಯೂಮಿನಿಯಂನ ತೀರಾ ತೆಳುವಾದ ಲೇಪ ಕೊಟ್ಟರೆ ಒಂದೆರಡು ಮಿಲಿ ಲೀಟರ್‌ಗೆ ಬರುತ್ತದೆ. ಚಿಪ್ಸ್ ಪ್ಯಾಕೆಟ್ಟಿನ ಒಳಮೈ ಬೆಳ್ಳಿಯ ಹಾಗೆ ಹೊಳೆಯುವುದು ಇಂಥದ್ದೇ ಲೋಹದ ಲೇಪದಿಂದ. ಅದು ಬೆಳಕನ್ನೂ ತಡೆಯುತ್ತದೆ.

ಹಾಗಂತ ಪಿಇಟಿ ಒಂದೇ ಸಾಲದು. ಅದು ಪಾಲಿಥಿನ್‌ನ ಹಾಗೆ ಸುಲಭವಾಗಿ ಬಿಸಿಗೆ ಅಂಟಿಕೊಳ್ಳುವುದಿಲ್ಲ, ತೇವವನ್ನು ತಡೆಯುವುದರಲ್ಲೂ ಪಾಲಿಥಿನ್‌ಗಿಂತ ಹಿಂದೆ. ಅದಕ್ಕೇ ಎರಡು ಮೂರು ಪದರ ಸೇರಿಸಿ ಒಂದು ಹಾಳೆ ಮಾಡುತ್ತಾರೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪೌಚ್ ಮಾರುವವರ ಹತ್ತಿರ ಹೋದಾಗ ಸುಮ್ನೆ 'ಒಳ್ಳೆ ಕವರ್ ಕೊಡಿ' ಅನ್ನಬೇಡಿ. ಹೊರಗೆ 12 ಮೈಕ್ರಾನ್ ಪಿಇಟಿ, ನಡುವೆ 12 ಮೈಕ್ರಾನ್ ಮೆಟಲೈಸ್ಡ್ ಪಿಇಟಿ (ಅಂದರೆ ಆ ಲೋಹದ ಲೇಪ ಇರುವ ಪಿಇಟಿ), ಒಳಗೆ 50 ಮೈಕ್ರಾನ್ ಪಾಲಿ (ಪಾಲಿಥಿನ್) ಇರುವ ಪೌಚ್ ಅಂತ ಕೇಳಿ. ಈ ಜೋಡಣೆ ಈ ವ್ಯಾಪಾರದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಒಳಪದರ ಆಹಾರಕ್ಕೆ ಬಳಸಬಹುದಾದ ದರ್ಜೆಯದು ಅನ್ನುವುದಕ್ಕೆ ಕಾಗದ ಪತ್ರ ಇದೆಯಾ ಅಂತಲೂ ಕೇಳಿ. ಚಕ್ಕುಲಿ ಹೊರಗೆ ಕಾಣಬೇಕು ಅಂತ ಪಾರದರ್ಶಕ ಕಿಟಕಿ ಇರುವ ಪೌಚ್ ಕೊಳ್ಳುವ ಆಸೆ ಎಲ್ಲರಿಗೂ ಆಗುತ್ತದೆ. ಬೆಳಕು ಒಳಬರುವುದು ಆ ಕಿಟಕಿಯಿಂದಲೇ. ಹದಿನೈದು ದಿನದಲ್ಲಿ ಖರ್ಚಾಗುವ ಮಾಲಾದರೆ ಸರಿ, ತಿಂಗಳುಗಟ್ಟಲೆ ಇಡುವುದಾದರೆ ಬೇಡ.

ನೈಟ್ರೋಜನ್ ಬೇಕಾ ಅಂತ ಕೇಳಿದ್ದೀರಿ. ನಾವು ಉಸಿರಾಡುವ ಗಾಳಿಯಲ್ಲಿ ಶೇ 78 ನೈಟ್ರೋಜನ್ನೇ ಇದೆ, ಶೇ 21 ಆಮ್ಲಜನಕ. ನೈಟ್ರೋಜನ್ ಎಣ್ಣೆಯ ತಂಟೆಗೆ ಹೋಗುವುದಿಲ್ಲ. ಪ್ಯಾಕೆಟ್ಟಿನ ಗಾಳಿಯನ್ನು ಹೊರದಬ್ಬಿ ಅದರ ಜಾಗಕ್ಕೆ ಶುದ್ಧ ನೈಟ್ರೋಜನ್ ತುಂಬಿಸಿದರೆ ಒಳಗೆ ಉಳಿಯುವ ಆಮ್ಲಜನಕ ಒಂದೆರಡು ಪರ್ಸೆಂಟ್‌ಗೆ ಇಳಿಯುತ್ತದೆ. ಪ್ಯಾಕೆಟ್ ಉಬ್ಬಿಕೊಂಡೂ ಇರುವುದರಿಂದ ಕೊರಿಯರ್‌ನಲ್ಲಿ ಚಕ್ಕುಲಿ ಪುಡಿಯಾಗುವುದು ಕಡಿಮೆ. ವ್ಯಾಕ್ಯೂಮ್‌ನಲ್ಲಿ ಇದಕ್ಕೆ ಉಲ್ಟಾ. ಗಾಳಿ ಎಳೆದಾಗ ಪೌಚ್ ಚಕ್ಕುಲಿಯನ್ನು ಎಲ್ಲ ಕಡೆಯಿಂದ ಒತ್ತಿ ಮುರಿಯುತ್ತದೆ. ಮುರಿದ ಚೂಪು ತುದಿ ಪೌಚ್‌ಗೆ ತೂತನ್ನೂ ಮಾಡಬಹುದು. ಚಕ್ಕುಲಿಗೆ ವ್ಯಾಕ್ಯೂಮ್ ಹೊಂದುವುದಿಲ್ಲ ಅಂದಿದ್ದು ಇದಕ್ಕೇ.

ಆದರೆ ಸಾದಾ ಪಾಲಿಥಿನ್ ಕವರ್‌ಗೆ ನೈಟ್ರೋಜನ್ ತುಂಬಿಸುವುದು ತೂತು ಬಿಂದಿಗೆಗೆ ನೀರು ತುಂಬಿದ ಹಾಗೆ. ಕೆಲವೇ ದಿನಗಳಲ್ಲಿ ಹೊರಗಿನ ಆಮ್ಲಜನಕ ಪುನಃ ಒಳಗೆ ಬಂದಿರುತ್ತದೆ. ಮೊದಲು ಪೌಚ್, ಆಮೇಲೆ ಸೀಲ್, ಕೊನೆಗೆ ಗ್ಯಾಸ್. ಈ ಕ್ರಮ ತಪ್ಪಿಸಿ ಹಣ ಕಳೆದುಕೊಂಡವರು ಬಹಳ ಜನ ಇದ್ದಾರೆ. ಮಷಿನ್ ಮಾರುವವರಿಗೆ ಮಷಿನ್ ಮಾರಬೇಕು, ಪೌಚ್ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ.

ನೈಟ್ರೋಜನ್ ಸಿಲಿಂಡರ್, ಮಷಿನ್ ಎಲ್ಲ ನಿಮ್ಮ ಈಗಿನ ವ್ಯಾಪಾರಕ್ಕೆ ಭಾರವಾದರೆ ಇನ್ನೊಂದು ದಾರಿ ಇದೆ. ಆಮ್ಲಜನಕ ಹೀರುವ ಚಿಕ್ಕ ಪುಡಿಕೆಗಳು ಸಿಗುತ್ತವೆ. ಒಳಗೆ ಕಬ್ಬಿಣದ ಪುಡಿ ಇರುತ್ತದೆ, ಅದು ತುಕ್ಕು ಹಿಡಿಯುತ್ತಾ ಪ್ಯಾಕೆಟ್ಟಿನ ಆಮ್ಲಜನಕವನ್ನು ತಿಂದುಹಾಕುತ್ತದೆ. ಪ್ಯಾಕೆಟ್ಟಿನೊಳಗೆ ಅರ್ಧ ಲೀಟರ್ ಗಾಳಿ ಇದ್ದರೆ ಅದರಲ್ಲಿ ಆಮ್ಲಜನಕ ಸುಮಾರು 105 ಮಿಲಿ ಲೀಟರ್. ಅದಕ್ಕೆ 100 ಸಿಸಿ (ಅಂದರೆ 100 ಮಿಲಿ ಲೀಟರ್) ಹೀರುವ ಪುಡಿಕೆ ಸಾಲದು, ಅದರ ಮೇಲಿನ ಅಳತೆಯದೇ ಹಾಕಬೇಕು. ಇವುಗಳಲ್ಲಿ ಒಂದು ಬಗೆಯವು ತಿನಿಸಿನ ತೇವ ಸಿಕ್ಕಿದರೆ ಮಾತ್ರ ಕೆಲಸ ಮಾಡುತ್ತವೆ. ಚಕ್ಕುಲಿಯಲ್ಲಿ ಆ ತೇವ ಇಲ್ಲ. ಆದ್ದರಿಂದ ಒಣ ತಿನಿಸಿಗೆ ಆಗುವಂಥದ್ದೇ ಬೇಕು ಅಂತ ಕೇಳಿ ತಗೊಳ್ಳಿ. ದೊಡ್ಡ ಪ್ಯಾಕ್ ಬಿಚ್ಚಿದ ಕೂಡಲೇ ಪುಡಿಕೆಗಳು ಗಾಳಿಯನ್ನು ಹೀರಲು ಶುರು ಮಾಡುತ್ತವೆ, ಹಾಗಾಗಿ ಬೇಗ ಬೇಗ ಬಳಸಿ ಉಳಿದದ್ದನ್ನು ಮುಚ್ಚಿಡಬೇಕು. ಶೂ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಬೇರೆ. ಅದು ಹೀರುವುದು ತೇವವನ್ನು ಮಾತ್ರ, ಕಮಟು ವಾಸನೆಗೆ ಅದರಿಂದ ಪ್ರಯೋಜನ ಇಲ್ಲ. ಯಾವ ಪುಡಿಕೆಯೇ ಇರಲಿ, ತಿನ್ನುವಂಥದ್ದಲ್ಲ ಎಂದು ಅದರ ಮೇಲೆ ಬರೆದಿರಲೇಬೇಕು. ಮಕ್ಕಳಿರುವ ಮನೆಗೆ ಹೋಗುವ ಪ್ಯಾಕೆಟ್ ಅದು.

ಸೀಲ್ ಬಗ್ಗೆ ಎರಡು ಮಾತು. ಮೂರು ಪದರದ ಪೌಚ್ ದಪ್ಪ ಇರುತ್ತದೆ. ಚಿಕ್ಕ ಹ್ಯಾಂಡ್ ಸೀಲರ್‌ನ ಶಾಖ ಅದಕ್ಕೆ ಸಾಲದೆ ಹೋಗಬಹುದು. ಪೌಚ್ ಕೊಂಡ ಕಡೆಯೇ ನಿಮ್ಮ ಸೀಲರ್‌ನಲ್ಲಿ ಅಂಟಿಸಿ ನೋಡಿ. ಸೀಲ್‌ನ ಅಗಲ 8ರಿಂದ 10 ಮಿಲಿಮೀಟರ್ ಇದ್ದರೆ ಒಳ್ಳೆಯದು. ಬಾಯಿಯ ಒಳಮೈಯಲ್ಲಿ ಎಣ್ಣೆ ಜಿಡ್ಡು, ಚಕ್ಕುಲಿ ಪುಡಿ ಇರಬಾರದು. ಒಂದು ಎಳ್ಳಿನ ಕಾಳು ಸಿಕ್ಕಿಹಾಕಿಕೊಂಡರೂ ಅಲ್ಲಿ ಸಂದು ಉಳಿಯುತ್ತದೆ. ಅಂಟಿಸಿದ ಪ್ಯಾಕೆಟ್ಟನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ಒತ್ತಿ. ಗುಳ್ಳೆ ಬಂದರೆ ಸೀಲ್ ಸೋರುತ್ತಿದೆ ಅಂತ ಅರ್ಥ. ಪ್ರತಿ ದಿನದ ಪ್ಯಾಕಿಂಗ್‌ನಲ್ಲಿ ಒಂದೆರಡನ್ನಾದರೂ ಹೀಗೆ ನೋಡಬೇಕು. ಚಕ್ಕುಲಿ ಬಿಸಿ ಇರುವಾಗ ಪ್ಯಾಕ್ ಮಾಡಿದರೆ ಒಳಗೆ ಹಬೆ ಕಟ್ಟುತ್ತದೆ. ತೀರಾ ತಣ್ಣಗಾಗಲಿ ಅಂತ ಮಳೆಗಾಲದಲ್ಲಿ ರಾತ್ರಿಯಿಡೀ ಬಿಟ್ಟರೆ ಪ್ಯಾಕ್ ಮಾಡುವ ಹೊತ್ತಿಗೇ ಅದು ತೇವ ಎಳೆದಿರುತ್ತದೆ. ಕೈಗೆ ಬಿಸಿ ತಾಗದಷ್ಟು ಆರಿದ ಕೂಡಲೇ ಮುಗಿಸಿಬಿಡಿ. ಇನ್ನೊಂದು, ಒಂದು ಕಿಲೋ ಪ್ಯಾಕ್‌ಗಿಂತ 200 ಗ್ರಾಂನ ಐದು ಪ್ಯಾಕ್ ಮೇಲು. ಗಿರಾಕಿ ಒಂದನ್ನು ಬಿಚ್ಚಿದಾಗ ಉಳಿದ ನಾಲ್ಕು ಭದ್ರವಾಗಿರುತ್ತವೆ.

ಚಟ್ನಿಪುಡಿಗೂ ಇದೇ ಬೆಳ್ಳಿ ಒಳಮೈಯ ಪೌಚ್ ಸಾಕು. ಮೆಣಸಿನಕಾಯಿಯ ಕೆಂಪು ಬಣ್ಣ ಬೆಳಕಿಗೂ ಆಮ್ಲಜನಕಕ್ಕೂ ಮಾಸುತ್ತದೆ, ಈ ಪೌಚ್ ಎರಡನ್ನೂ ತಡೆಯುತ್ತದೆ. ಇಂಗು, ಕರಿಬೇವು, ಬೆಳ್ಳುಳ್ಳಿಯ ಘಮ ಸಾದಾ ಕವರ್ ಮೂಲಕ ಹೊರಗೆ ಹೋಗುವುದನ್ನು ನೀವೇ ಗಮನಿಸಿರುತ್ತೀರಿ. ಅಡುಗೆಮನೆಯ ಕಪಾಟು ತೆಗೆದರೆ ಪುಡಿಯ ವಾಸನೆ ಬರುತ್ತದೆ ಅಂದರೆ ಅಷ್ಟು ಘಮ ಪುಡಿಯಲ್ಲಿ ಉಳಿದಿಲ್ಲ ಅಂತಲೇ. ಬೆಲ್ಲ, ಹುಣಸೆಹಣ್ಣು ಹಾಕುವವರಾದರೆ ತೇವದ ಕಡೆ ಇನ್ನೂ ಹೆಚ್ಚು ಗಮನ ಬೇಕು. ಎರಡೂ ಗಾಳಿಯ ತೇವ ಎಳೆದು ಪುಡಿಯನ್ನು ಗಂಟು ಕಟ್ಟಿಸುತ್ತವೆ. ಶೇಂಗಾದ ಬದಲು ಕೊಬ್ಬರಿ ಹಾಕಿದ ಪುಡಿ ಕೆಡುವ ರೀತಿ ಬೇರೆ. ಕೊಬ್ಬರಿಯ ಎಣ್ಣೆಗೆ ಆಮ್ಲಜನಕದ ಕಾಟ ಕಡಿಮೆ, ಆದರೆ ತೇವ ಸೇರಿದರೆ ಅದು ಒಡೆದು ಸೋಪಿನಂಥ ರುಚಿ ಬರುತ್ತದೆ. ಹುರಿಯುವಾಗ ಕರಿಬೇವು ಕೈಯಲ್ಲಿ ಪುಡಿಯಾಗುವಷ್ಟು ಒಣಗಿರಲಿ. ಮಿಕ್ಸಿಯಲ್ಲಿ ಬಿಸಿಯಾದ ಪುಡಿ ಆರುವವರೆಗೆ ಕಾಯಿರಿ. ವ್ಯಾಕ್ಯೂಮ್ ಮಾಡಿದರೂ ಪುಡಿಗೆ ತೊಂದರೆ ಇಲ್ಲ. ಆದರೆ ಗಾಳಿ ಎಳೆಯುವಾಗ ಪುಡಿಯೂ ಮೇಲೆದ್ದು ಸೀಲ್ ಜಾಗಕ್ಕೆ ಬಂದು ಕೂರುತ್ತದೆ. ಆ ಕಿರಿಕಿರಿ ಯಾಕೆ? ಪೌಚ್‌ನ ಗಾಳಿಯನ್ನು ಕೈಯಿಂದ ಒತ್ತಿ ತೆಗೆದು ಸೀಲ್ ಮಾಡಿ.

ಈಗ ಹೋಳಿಗೆ. ಇಲ್ಲಿ ಮಾತು ಗಂಭೀರ.

ಕಾಯಿ ಹೋಳಿಗೆಯ ಹೂರಣದಲ್ಲಿ ಹಸಿ ಕಾಯಿ ಇದೆ, ನೀರಿನಂಶ ಇದೆ. ಹೋಳಿಗೆ ಕೆಡುವುದು ಸೂಕ್ಷ್ಮಜೀವಿಗಳಿಂದ. ಒಂದು ತಿನಿಸಿನಲ್ಲಿ ಈ ಜೀವಿಗಳಿಗೆ ಸಿಗುವಂಥ ನೀರು ಎಷ್ಟಿದೆ ಎಂಬುದಕ್ಕೆ 'ವಾಟರ್ ಆಕ್ಟಿವಿಟಿ' ಎಂಬ ಒಂದು ಅಳತೆ ಇದೆ. 0ಯಿಂದ 1ರವರೆಗಿನ ಅಳತೆ ಅದು, ಶುದ್ಧ ನೀರಿಗೆ 1. ಇದು 0.6ಕ್ಕಿಂತ ಕೆಳಗಿದ್ದರೆ ಏನೂ ಬೆಳೆಯುವುದಿಲ್ಲ. ಅದರ ಮೇಲೆ ಹೋದ ಹಾಗೆ ಮೊದಲು ಕೆಲವು ಬೂಷ್ಟುಗಳು, ಆಮೇಲೆ ಬ್ಯಾಕ್ಟೀರಿಯಾ. ಬೆಲ್ಲ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೆಲ್ಲ ಜಾಸ್ತಿ ಇದ್ದಷ್ಟೂ ಈ ಅಂಕಿ ಇಳಿಯುತ್ತದೆ. ಆದರೆ ಹೂರಣದ ಹದ ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಒಂದೇ ಕೈಯಲ್ಲೂ ದಿನಕ್ಕೊಂದು.

ವ್ಯಾಕ್ಯೂಮ್ ಮಾಡಿದರೆ ಬೂಷ್ಟು ನಿಲ್ಲುತ್ತದೆ, ಅದು ನಿಜ. ಬೂಷ್ಟಿಗೆ ಆಮ್ಲಜನಕ ಬೇಕು. ಮೂರನೇ ದಿನ ಬೂಷ್ಟು ಬರುತ್ತಿದ್ದ ಹೋಳಿಗೆ ಹತ್ತನೇ ದಿನವೂ ಹೊಸದರಂತೆ ಕಾಣುತ್ತದೆ. ಅಪಾಯ ಇರುವುದು ಅಲ್ಲೇ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಬ್ಯಾಕ್ಟೀರಿಯಾ ಇದೆ. ಇದರ ಬೀಜಾಣುಗಳು ಮಣ್ಣಿನಲ್ಲಿ ಎಲ್ಲೆಡೆ ಇರುತ್ತವೆ. ಕುದಿಯುವ ನೀರಿನ ಶಾಖಕ್ಕೂ ಸಾಯುವುದಿಲ್ಲ, ಕಾವಲಿಯ ಮೇಲೆ ಬೇಯಿಸಿದರೆ ಹೋಗುವಂಥವಲ್ಲ. ಆಮ್ಲಜನಕ ಇರುವ ಕಡೆ ಇವು ಬೆಳೆಯುವುದಿಲ್ಲ, ಇಲ್ಲದ ಕಡೆ ಬೆಳೆಯುತ್ತವೆ. ತೇವ ಇದ್ದು, ಹುಳಿ ಇಲ್ಲದೆ, ಗಾಳಿ ಇಲ್ಲದೆ, ಕೋಣೆಯ ಶಾಖದಲ್ಲಿ ಇರುವ ತಿನಿಸು ಇದಕ್ಕೆ ಬೇಕಾದ ಜಾಗ. ಅದು ಬಿಡುವ ವಿಷ ನರಗಳನ್ನು ಹಿಡಿದು ಉಸಿರಾಟವನ್ನೇ ನಿಲ್ಲಿಸಬಲ್ಲದು. ವಾಸನೆಯಲ್ಲೋ ರುಚಿಯಲ್ಲೋ ವ್ಯತ್ಯಾಸ ಗೊತ್ತಾಗಲೇಬೇಕು ಅಂತೇನೂ ಇಲ್ಲ. ಇಂಥದ್ದು ಆಗುವುದು ಅಪರೂಪ. ಆದರೆ ಒಮ್ಮೆ ಆಯಿತು ಅಂದರೆ ಪ್ರಾಣಕ್ಕೇ ಬರುತ್ತದೆ. ಬೂಷ್ಟು ಕಂಡರೆ ಜನ ಹೋಳಿಗೆಯನ್ನು ಎಸೆಯುತ್ತಾರೆ. ವ್ಯಾಕ್ಯೂಮ್ ಆ ಎಚ್ಚರಿಕೆಯನ್ನು ತೆಗೆದುಹಾಕುತ್ತದೆ. ಆಮ್ಲಜನಕ ಹೀರುವ ಪುಡಿಕೆ ಹಾಕಿದರೂ ಇದೇ ಕಥೆ. ಆದ್ದರಿಂದ ಹಸಿ ಕಾಯಿ ಅಥವಾ ಬೇಳೆ ಹೂರಣದ ಹೋಳಿಗೆಯನ್ನು ವ್ಯಾಕ್ಯೂಮ್ ಮಾಡಿ ಹೊರಗೆ ಇಟ್ಟು ಮಾರಬೇಡಿ. ನಿಮ್ಮ ಹೋಳಿಗೆಯ ವಾಟರ್ ಆಕ್ಟಿವಿಟಿ ಎಷ್ಟು ಅಂತ ಪ್ರಯೋಗಾಲಯದಲ್ಲಿ ಅಳೆಸಿ, ಅಲ್ಲಿಯವರ ಸಲಹೆ ಪಡೆಯುವವರೆಗೂ ಬೇಡ.

ಹಾಗಾದರೆ ಅಂಗಡಿಯಲ್ಲಿ ಉಪ್ಪಿಟ್ಟು, ಬಿಸಿಬೇಳೆ ಬಾತ್ ಪೌಚ್‌ನಲ್ಲಿ ತಿಂಗಳುಗಟ್ಟಲೆ ಹೊರಗೇ ಇರುತ್ತವಲ್ಲ ಅಂತ ಕೇಳಬಹುದು. ಅವುಗಳಲ್ಲಿ ಬಹಳಷ್ಟು ರಿಟಾರ್ಟ್ ಮಾಡಿದವು. ಅಡುಗೆಯನ್ನು ಅಲ್ಯೂಮಿನಿಯಂ ಫಾಯಿಲ್ ಪದರವಿರುವ ಪೌಚ್‌ಗೆ ತುಂಬಿ, ಸೀಲ್ ಮಾಡಿ, ಆಮೇಲೆ ಪ್ಯಾಕೆಟ್ ಸಮೇತ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ಕಾಯಿಸುತ್ತಾರೆ. ಪೌಚ್‌ನ ನಟ್ಟನಡುವೆ ಆ ಶಾಖ ಕಡಿಮೆ ಎಂದರೂ 3 ನಿಮಿಷ ನಿಲ್ಲಬೇಕು. ಆಗ ಮಾತ್ರ ಬಾಟುಲಿನಂ ಬೀಜಾಣು ಸಾಯುತ್ತದೆ ಅನ್ನುವುದು ಲೆಕ್ಕ. ನಮ್ಮ ಸೈನಿಕರಿಗಾಗಿ ಇಂಥ ಪೌಚ್ ಅಡುಗೆಗಳನ್ನು ರೂಪಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಮನೆಯ ಕುಕ್ಕರ್‌ನಲ್ಲಿ ಇದನ್ನು ಮಾಡಲು ಹೋಗಬೇಡಿ. ಒಳಗಿನ ಶಾಖ ಎಷ್ಟಾಯಿತು ಅಂತ ಅಳೆಯುವ ಉಪಕರಣ ಇಲ್ಲದೆ ಇದು ಆಗುವ ಕೆಲಸವಲ್ಲ. ನಂದಿನಿ ಗುಡ್‌ಲೈಫ್ ಹಾಲು ಫ್ರಿಜ್ ಇಲ್ಲದೆ ಉಳಿಯುವುದೂ ಬರೀ ಪ್ಯಾಕೆಟ್ಟಿನಿಂದ ಅಲ್ಲ. ಹಾಲನ್ನು 135 ಡಿಗ್ರಿಗೂ ಮೇಲೆ ಕೆಲವು ಸೆಕೆಂಡು ಕಾಯಿಸಿ, ಮೊದಲೇ ಜೀವಾಣುಮುಕ್ತ ಮಾಡಿದ ಪ್ಯಾಕೆಟ್‌ಗೆ ಹೊರಗಿನ ಗಾಳಿ ತಾಗದಂತೆ ತುಂಬುತ್ತಾರೆ.

ಹೋಳಿಗೆಗೆ ನಾನು ಹೇಳುವ ದಾರಿ ಫ್ರೀಜರ್. ಮಾಡಿ ಆರಿದ ಕೂಡಲೇ ನಡುನಡುವೆ ಬಟರ್ ಪೇಪರ್ ಇಟ್ಟು, ದಪ್ಪ ಪೌಚ್‌ನಲ್ಲಿ ಗಾಳಿ ಒತ್ತಿ ತೆಗೆದು, ಮೈನಸ್ 18 ಡಿಗ್ರಿಯಲ್ಲಿ ಇಟ್ಟರೆ ವಾರಗಟ್ಟಲೆ ಇರುತ್ತದೆ. ಆ ಶಾಖದಲ್ಲಿ ಯಾವ ಜೀವಿಯೂ ಬೆಳೆಯುವುದಿಲ್ಲ. ಆದರೆ ಪುಣೆ ಮುಟ್ಟುವವರೆಗೂ ಅದು ತಣ್ಣಗೇ ಇರಬೇಕು. ಸಾಮಾನ್ಯ ಕೊರಿಯರ್‌ನಲ್ಲಿ ಅದು ಆಗುವುದಿಲ್ಲ. ಆದ್ದರಿಂದ ಕಾಯಿ ಹೋಳಿಗೆಯನ್ನು ಸಾಗರ, ಶಿವಮೊಗ್ಗದ ಆಸುಪಾಸಿಗೆ ತಾಜಾ ಮಾರಿ. ದೂರದೂರಿಗೆ ಕಳಿಸಲು ಶೇಂಗಾ ಹೋಳಿಗೆ ಮಾಡಿ. ಹುರಿದ ಶೇಂಗಾ, ಎಳ್ಳು, ಬೆಲ್ಲದ ಪುಡಿಯ ಹೂರಣ ಅದು, ನೀರು ಸೋಕಿಸುವುದೇ ಇಲ್ಲ. ಉತ್ತರ ಕರ್ನಾಟಕದವರು ಪ್ರಯಾಣಕ್ಕೆ ಬುತ್ತಿ ಕಟ್ಟುವಾಗ ಶೇಂಗಾ ಹೋಳಿಗೆ, ಕಟಕ್ ರೊಟ್ಟಿ ಕಟ್ಟುತ್ತಿದ್ದದ್ದು ಸುಮ್ಮನೆ ಅಲ್ಲ. ಕಟಕ್ ರೊಟ್ಟಿ ಯಾವ ಪೌಚ್ ಇಲ್ಲದೆಯೂ ಬರೀ ಬಟ್ಟೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಅದರಲ್ಲಿ ನೀರೇ ಉಳಿದಿರುವುದಿಲ್ಲವಲ್ಲ. ನಮ್ಮ ಹಿರಿಯರು ತಿನಿಸನ್ನೇ ಒಣಗಿಸಿ ಪ್ಯಾಕಿಂಗ್‌ನ ಕೆಲಸವನ್ನು ಹಗುರ ಮಾಡಿಕೊಂಡಿದ್ದರು. ಶೇಂಗಾ ಹೋಳಿಗೆಯಲ್ಲೂ ಎಣ್ಣೆಯಂಶ ಇದೆ. ಹಾಗಾಗಿ ಅದಕ್ಕೂ ಚಕ್ಕುಲಿಯ ಪೌಚನ್ನೇ ಬಳಸಿ.

ಎಷ್ಟು ದಿನ ಅಂತ ಬರೆಯಬೇಕು ಎಂಬ ಪ್ರಶ್ನೆಗೆ ಬೇರೆಯವರ ಪ್ಯಾಕೆಟ್ ನೋಡಿ ಉತ್ತರ ಹುಡುಕಬೇಡಿ. ಅವರ ಎಣ್ಣೆ ಬೇರೆ, ಪೌಚ್ ಬೇರೆ. ಒಂದೇ ದಿನ ಮಾಡಿದ ಚಕ್ಕುಲಿಯ ಹನ್ನೆರಡು ಪ್ಯಾಕೆಟ್ ಬೇರೆ ಎತ್ತಿಡಿ. ಅಂಗಡಿಯಲ್ಲಿ ಇರುವ ಹಾಗೆ ಸಾಮಾನ್ಯ ಕಪಾಟಿನಲ್ಲೇ ಇಡಿ, ಫ್ರಿಜ್‌ನಲ್ಲಿ ಬೇಡ. ವಾರಕ್ಕೊಂದು ಬಿಚ್ಚಿ, ಆ ದಿನವೇ ಕರಿದ ಚಕ್ಕುಲಿಯ ಪಕ್ಕದಲ್ಲಿಟ್ಟು, ಯಾವುದು ಯಾವುದು ಅಂತ ಹೇಳದೆ ಮನೆಯವರಿಗೂ ಅಕ್ಕಪಕ್ಕದವರಿಗೂ ಕೊಡಿ. ಮೊದಲು ಮೂಸಲಿ, ಆಮೇಲೆ ಮುರಿಯಲಿ, ಆಮೇಲೆ ತಿನ್ನಲಿ. ಹೆಚ್ಚಿನವರು ಹಳೆಯದನ್ನು ಗುರುತಿಸಿ ಬೇಡ ಅಂದ ವಾರ ನಿಮ್ಮ ಮಿತಿ. ಎಂಟನೇ ವಾರಕ್ಕೆ ಹಾಗಾದರೆ ಪ್ಯಾಕೆಟ್ ಮೇಲೆ ಆರು ವಾರ ಅಂತ ಬರೆಯಿರಿ. ಕೊರಿಯರ್ ಗಾಡಿಯ ಬಿಸಿ, ಗಿರಾಕಿಯ ಮನೆಯ ಒಲೆ ಪಕ್ಕದ ಕಪಾಟು, ಎಲ್ಲಕ್ಕೂ ಆ ಎರಡು ವಾರ ಬೇಕು. ಹೆಚ್ಚು ಕಡಿಮೆ 10 ಡಿಗ್ರಿ ಶಾಖ ಏರಿದರೆ ಎಣ್ಣೆ ಕೆಡುವ ವೇಗ ಎರಡು ಪಟ್ಟಾಗುತ್ತದೆ. ಸಾಗರದ ಡಿಸೆಂಬರ್‌ನಲ್ಲಿ ಮಾಡಿದ ಪರೀಕ್ಷೆ ಪುಣೆಯ ಏಪ್ರಿಲ್‌ಗೆ ಸಾಲುವುದಿಲ್ಲ. ಈ ಪರೀಕ್ಷೆಯನ್ನು ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಆಷಾಢದ ಮಳೆಯಲ್ಲಿ ಮಾಡಿ, ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬರೆಯಿರಿ. ಇದು ಚಕ್ಕುಲಿ, ಚಟ್ನಿಪುಡಿಯಂಥ ಒಣ ತಿನಿಸಿಗೆ ಮಾತ್ರ. ಕಾಯಿ ಹೋಳಿಗೆಯ ದಿನವನ್ನು ಹೀಗೆ ರುಚಿ ನೋಡಿ ತೀರ್ಮಾನಿಸಬಾರದು. ಅದಕ್ಕೆ ಪ್ರಯೋಗಾಲಯದ ವರದಿಯೇ ಬೇಕು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಹಣ ಕಟ್ಟಿ ಮಾದರಿಗಳನ್ನು ಪರೀಕ್ಷೆ ಮಾಡಿಸಬಹುದು. ಹೋಗುವಾಗ ಚಕ್ಕುಲಿಯ ಹಳೆಯ ಪ್ಯಾಕೆಟ್ ಒಂದನ್ನೂ ತಗೊಂಡು ಹೋಗಿ, ಎಣ್ಣೆ ಎಷ್ಟು ಕೆಟ್ಟಿದೆ ಅಂತ ಅಂಕಿಯಲ್ಲೇ ಗೊತ್ತಾಗುತ್ತದೆ.